ಎಮ್ಮೆಗೂ ಮೂರೇ ಮಾತ್ರೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ನೆರೆಹಾವಳಿಯ ಪದ್ಯಗಳನ್ನು ಕುರಿತು ಬಂದ ಲೇಖನ ಓದಿದೆ. ಜನ ಮುಳುಗಿ ಹೋಗುತ್ತಿರುವಾಗ ಪ್ರಾಸ ಹೊಂದಿಸುತ್ತ ಕೂರುವುದೇ ಅಸಹ್ಯ, ದುರಂತಕ್ಕೆ ಮುರಿದ ಸಾಲುಗಳೇ ಸರಿ, ಛಂದಸ್ಸು ಹಬ್ಬಕ್ಕೆ ಮದುವೆಗೆ ಇರಲಿ ಎಂಬುದು ಅದರ ಸಾರ. ಲೇಖಕರ ಸಿಟ್ಟು ನನಗೆ ಅರ್ಥವಾಗುತ್ತದೆ. ಅದರಲ್ಲಿ ಅರ್ಧ ನನ್ನಂಥವರಿಗೇ ಸಲ್ಲಬೇಕಾದ್ದು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಬೋರ್ಡಿನ ಮೇಲೆ ಲಘು ಗುರು ಹಾಕಿ ಹಾಕಿ ಬಲಭುಜ ಹಿಡಿದುಕೊಂಡ ಮಾಸ್ತರ ನಾನು. ನೆರೆಯ ಮೇಲೆ ಷಟ್ಪದಿ ಬರೆದ ಪಾಪವೂ ನನ್ನ ತಲೆಯ ಮೇಲಿದೆ. ಆ ಪಾಪದ ಲೆಕ್ಕ ಒಪ್ಪಿಸಲಿಕ್ಕೇ ಈ ಪತ್ರ.

ಮೊದಲು ಅವರು ಕೊಟ್ಟ ಉದಾಹರಣೆ ಮುಗಿಸಿಬಿಡುತ್ತೇನೆ. ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಹತ್ತಿರ ಟೇ ನದಿಯ ರೈಲು ಸೇತುವೆ 1879ರ ಡಿಸೆಂಬರ್ 28ರಂದು ಬಿರುಗಾಳಿಗೆ ಕುಸಿಯಿತು. ಮೇಲಿದ್ದ ರೈಲು ನೀರಿಗೆ ಬಿದ್ದು ಒಬ್ಬರೂ ಉಳಿಯಲಿಲ್ಲ. ಅದರ ಮೇಲೆ ವಿಲಿಯಂ ಮೆಕ್‌ಗೋನಗಲ್ ಎಂಬಾತ ಬರೆದ ಪದ್ಯ ಇಂಗ್ಲಿಷಿನಲ್ಲಿ ಕೆಟ್ಟ ಕವಿತೆಗೆ ಗಾದೆಮಾತಾಗಿದೆ, ಇವತ್ತಿಗೂ ಜನ ಅದನ್ನು ಓದಿ ನಗುತ್ತಾರೆ. ಪ್ರಾಸ ಹಾಕಿದರೆ ಹೆಣದ ಎದುರಿಗೂ ನಗೆ ಬರುತ್ತದೆ ನೋಡಿ ಎನ್ನುತ್ತಾರೆ ಲೇಖಕರು. ಆದರೆ ಆ ಪದ್ಯವನ್ನು ಒಮ್ಮೆ ಬಾಯಿಬಿಟ್ಟು ಓದಿ. ಅಲ್ಲಿ ಪ್ರಾಸ ಉಂಟು, ಛಂದಸ್ಸೇ ಇಲ್ಲ. ಒಂದು ಸಾಲು ಗೇಣುದ್ದ, ಮುಂದಿನದು ಮಾರುದ್ದ, ಪ್ರಾಸದ ಪದ ಸಿಗುವ ತನಕ ಸಾಲು ಎಳೆಯುತ್ತಲೇ ಇರುತ್ತದೆ. ಇಸವಿಯ ಕೊನೆಯ ‘ನೈನ್’ ಶಬ್ದಕ್ಕೆ ‘ಟೈಮ್’ ತಂದು ಜೋಡಿಸಿದ್ದಾನೆ, ಅದೂ ಸರಿಯಾಗಿ ಕೂತಿಲ್ಲ. ಸತ್ತವರು ಸುಮಾರು 75 ಎಂಬುದು ಬಹುಕಾಲ ನಡೆದುಬಂದ ಲೆಕ್ಕ, ಪದ್ಯದಲ್ಲಿ 90. ವಿಚಿತ್ರವೆಂದರೆ ಆತ ಕಸುಬಿನಿಂದ ಕೈಮಗ್ಗದ ನೇಕಾರ. ನಮ್ಮ ಇಳಕಲ್ಲಿನ ನೇಕಾರರು ಯಾರಾದರೂ ಹೀಗೆ ಸೆರಗು ನೇಯ್ದಿದ್ದರೆ ಆ ಸೀರೆ ಮಾರಾಟವಾಗುತ್ತಿರಲಿಲ್ಲ. ಇದನ್ನು ತೋರಿಸಿ ಛಂದಸ್ಸನ್ನು ಬೈಯುವುದು, ಉಪ್ಪಿಲ್ಲದ ಸಾರು ಉಂಡು ಉಪ್ಪನ್ನು ಬೈದ ಹಾಗೆ.

ಈಗ ನನ್ನ ಪಾಪ.

2019ರ ಆಗಸ್ಟ್. ನಾಗರಪಂಚಮಿ ಆ ವರ್ಷ 5ನೇ ತಾರೀಖಿಗೆ. ಪಂಚಮಿಯ ಉಂಡಿಗಳು ಇನ್ನೂ ಡಬ್ಬಿಯಲ್ಲೇ ಇದ್ದವು, ಮಲಪ್ರಭೆ ಊರೊಳಗೆ ಬಂದಳು. ನಮ್ಮದು ಬಾದಾಮಿ ತಾಲೂಕಿನ ಹೊಳೆದಂಡೆಯ ಊರು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದ ಫೋಟೋ ನೀವೂ ಆಗ ಮುಖಪುಟದಲ್ಲಿ ಹಾಕಿದ್ದಿರಿ. ನಾನು ಕಲಿಸುತ್ತಿದ್ದ ಶಾಲೆ ಎತ್ತರದಲ್ಲಿದ್ದುದರಿಂದ ಪರಿಹಾರ ಕೇಂದ್ರವಾಯಿತು. ಜನ ಮಾತ್ರ ಅದನ್ನು ಸಾಲಿ ಎಂದೇ ಕರೆಯುತ್ತಿದ್ದರು. ಹತ್ತನೇ ತರಗತಿ ‘ಬ’ ವಿಭಾಗದಲ್ಲಿ ಒಂಬತ್ತು ಕುಟುಂಬ. ಬೋರ್ಡಿನ ಮೇಲೆ ನಾನೇ ಬರೆದಿದ್ದ ಭಾಮಿನಿ ಷಟ್ಪದಿಯ ಪ್ರಸ್ತಾರ ಹಾಗೇ ಉಳಿದಿತ್ತು. ಅದರ ಕೆಳಗೆ ಯಾರೋ ಸೀರೆಯ ಜೋಳಿಗೆ ಕಟ್ಟಿ ಕೂಸು ಮಲಗಿಸಿದ್ದರು.

ರಾತ್ರಿ ಪಾಳಿ ನನ್ನದಿರುತ್ತಿತ್ತು. ನಿದ್ದೆ ಬಾರದೆ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ:

ಹೊಳೆಯು ಬಂದಿತು ರಾತ್ರಿ ವೇಳೆಗೆ
ಮಳೆಯು ಸುರಿಯಿತು ಮೂರು ದಿವಸವು
ಇಳೆಯ ಮಕ್ಕಳ ಗೋವು ಕರುಗಳ ಸೆಳೆದು ಸಾಗಿಸಿತು

ಉಳಿದ ಮೂರು ಸಾಲು ಬರೆಯುವುದಿಲ್ಲ, ನಿಮ್ಮ ಕಾಗದ ಉಳಿಯಲಿ. ಮಾತ್ರೆ, ಅಂದರೆ ಅಕ್ಷರ ಉಚ್ಚರಿಸುವ ಕಾಲದ ಅಳತೆ, ಮೂರು ನಾಕು ಮೂರು ನಾಕು ಸರಿಯಾಗಿ ಕೂತಿದೆ, ಮೂರನೇ ಸಾಲಿನ ಕೊನೆಗೆ ಗುರು ಬಿದ್ದಿದೆ, ಆದಿಪ್ರಾಸಕ್ಕೆ ಎಲ್ಲ ಸಾಲಲ್ಲೂ ಎರಡನೇ ಅಕ್ಷರ ಳಕಾರ. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ. ಬೆಳಗ್ಗೆ ಇಡೀ ಕೋಣೆಗೆ ಓದಿ ತೋರಿಸಿದೆ, ಅಷ್ಟು ಹುರುಪು.

ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: “ಸರ, ನಮ್ಮೂರಾಗ ಮಳಿ ಎಲ್ಲಿ ಬಂದಿತ್ರಿ?”

ಹೌದಲ್ಲ! ನಮ್ಮೂರಲ್ಲಿ ಆ ವಾರ ಬಿದ್ದದ್ದು ಜಿಟಿಜಿಟಿ ಹನಿ. ಮಳೆ ಸುರಿದದ್ದು ಮೇಲೆ, ಘಟ್ಟದ ಕಡೆ, ಹೊಳೆ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿಯ ಆಚೀಚೆ. ನವಿಲುತೀರ್ಥದ ಆಣೆಕಟ್ಟು ತುಂಬಿ ಗೇಟು ತೆಗೆದರು, ನೀರು ಒಣ ನಾಡಿಗೆ ಬಂತು. ಬಿಸಿಲಲ್ಲಿ ನಿಂತು ನೆರೆ ನೋಡಿದವರು ನಾವು. ಅದೇ ನಮ್ಮ ದುರಂತದ ವಿಶೇಷ, ಅದೇ ನನ್ನ ಪದ್ಯದಲ್ಲಿ ಇಲ್ಲ. ಯಾಕೆ ಇಲ್ಲ? ‘ಹೊಳೆ’ ಎಂದು ಬರೆದ ತಕ್ಷಣ ‘ಮಳೆ’ ಓಡಿಬಂದು ಪಕ್ಕದಲ್ಲಿ ಕೂತಿತು. ಕನ್ನಡದಲ್ಲಿ ಇದೊಂದು ದೊಡ್ಡ ಸಂಸಾರ: ಮಳೆ, ಹೊಳೆ, ಬೆಳೆ, ಕಳೆ, ಕೊಳೆ, ಇಳೆ, ಎಳೆ, ಸೆಳೆ, ತೊಳೆ. ಒಬ್ಬರನ್ನು ಕರೆದರೆ ಉಳಿದವರು ಕರೆಯದೆ ಬರುತ್ತಾರೆ. ಪುಕ್ಕಟೆ ಸಿಗುವ ಪ್ರಾಸ. ‘ಇಳೆ’ ಎಂಬ ಪದವನ್ನು ನಮ್ಮೂರಲ್ಲಿ ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳಿಲ್ಲ. ಅದೂ ಬಂದು ಕೂತಿತು. ಇಲ್ಲಿಗೆ ನಿಮ್ಮ ಲೇಖಕರ ಮಾತು ಒಪ್ಪಿದೆ. ಪ್ರಾಸ ನನ್ನ ಕೈಯಿಂದ ಸುಳ್ಳು ಬರೆಸಿತು. ಬಾರದ ಮಳೆಯನ್ನು ಮೂರು ದಿವಸ ಸುರಿಸಿದೆ.

ಆಮೇಲೆ, ಕಿಟಕಿ ಪಕ್ಕ ಕೂತಿದ್ದ ಹೆಣ್ಣುಮಗಳೊಬ್ಬಳು ಮೆಲ್ಲಗೆ ಅಂದಳು: “ಪದ ಛಲೋ ಐತ್ರಿ ಸರ. ಆದ್ರ ನಂದು ಎಮ್ಮಿ. ಆಕಳ ಅಲ್ರೀ.”

ಆಕೆಯ ಎಮ್ಮೆ ಕೊಚ್ಚಿಹೋದ ಸುದ್ದಿ ಕೇಳಿಯೇ ನಾನು ಆ ಸಾಲು ಬರೆದದ್ದು. ನಾನು ಮಾಸ್ತರಿಕೆಯ ಧಾಟಿಯಲ್ಲಿ ಹೇಳಿದೆ, ಛಂದಸ್ಸಿನ ಕಟ್ಟು ಇರುತ್ತದವ್ವಾ, ಮಾತ್ರೆ ಹೊಂದಬೇಕಾಗುತ್ತದೆ ಎಂದು. ಆರೋಗ್ಯ ಇಲಾಖೆಯವರು ಬೆಳಗ್ಗೆಯಷ್ಟೇ ಮಾತ್ರೆ ಹಂಚಿ ಹೋಗಿದ್ದರು, ಆಕೆ ಏನು ತಿಳಿದಳೋ, ಹೂಂ ಎಂದಳು.

ಆ ರಾತ್ರಿ ಸುಮ್ಮನೆ ಬೆರಳು ಮಡಚಿ ಎಣಿಸಿದೆ. ಗೋ ಎರಡು, ವು ಒಂದು, ಮೂರು ಮಾತ್ರೆ. ಎಮ್‌ ಎರಡು, ಮೆ ಒಂದು, ಮೂರೇ ಮಾತ್ರೆ. ‘ಎಮ್ಮೆ ಕರುಗಳ’ ಎಂದಿದ್ದರೆ ಕುಮಾರವ್ಯಾಸನ ಷಟ್ಪದಿಗೆ ಕೂದಲಷ್ಟೂ ನೋವಾಗುತ್ತಿರಲಿಲ್ಲ. ಆದಿಪ್ರಾಸದ ಜಾಗವೂ ಅದಲ್ಲ. ಛಂದಸ್ಸು ಬಾಗಿಲು ತೆರೆದೇ ಇಟ್ಟಿತ್ತು, ಎಮ್ಮೆಯನ್ನು ಹೊರಗೆ ತಡೆದವನು ನಾನು. ಗೋವು ಎಂದರೆ ಕಾವ್ಯ, ಎಮ್ಮೆ ಎಂದರೆ ಕೊಟ್ಟಿಗೆ–ಸಗಣಿ ಎಂದು ಎಲ್ಲೋ ಒಳಗೆ ಕೂತಿತ್ತು. ಅಷ್ಟಕ್ಕೆ ಆಕೆಯ ಎಮ್ಮೆಯನ್ನು ಎರಡನೇ ಸಲ ಮುಳುಗಿಸಿ, ಆಪಾದನೆಯನ್ನು ಛಂದಶ್ಶಾಸ್ತ್ರ ಬರೆದ ಪಿಂಗಳ ಮಹರ್ಷಿಯ ಮೇಲೆ ಹೊರಿಸಿ ಬಂದಿದ್ದೆ.

ಎರಡು ದಿನ ಬಿಟ್ಟು ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಧ್ಯಾಹ್ನ. ಪರಿಹಾರದ ಅಕ್ಕಿಮೂಟೆ ಬಂದಿದ್ದವು. ರೊಟ್ಟಿ ಉಣ್ಣುವ ಮಂದಿಗೆ ಮೂರು ಹೊತ್ತೂ ಅನ್ನ, ಎಲ್ಲರಿಗೂ ಬಾಯಿ ಕೆಟ್ಟಿತ್ತು. ಹೆಂಗಸರು ವರಾಂಡದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದರು. ಮೊರ ಮೇಲೆ ಹಾರಿ ಕೆಳಗೆ ಬೀಳುವ ಸಪ್ಪಳ, ಆ ಸಪ್ಪಳಕ್ಕೆ ಸೇರಿಸಿ ಎಮ್ಮೆ ಕಳಕೊಂಡ ಆ ಹೆಣ್ಣುಮಗಳು ಸಣ್ಣ ದನಿಯಲ್ಲಿ ಅನ್ನುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಅಂಗೈಮೇಲೆ ಬರೆದುಕೊಂಡೆ:

ಹಿಟ್ಟ ನಾದಿಟ್ಟಿದ್ದೆ, ಬುಟ್ಟಿ ತೊಳದಿಟ್ಟಿದ್ದೆ
ಕಟ್ಟಿದ್ದ ಎಮ್ಮಿ ಹಗ್ಗ ಹರಿಲಿಲ್ಲವ್ವ
ಹುಟ್ಟಿ ನಾಕ್ ದಿನದ ಕರ ಇತ್ತ

ತ್ರಿಪದಿ. ಮೂರು ಸಾಲು, ಹನ್ನೊಂದು ಗಣ, ಅಂದರೆ ಅಕ್ಷರಗಳ ಗುಂಪು. ಬೀಸುವ ಕಲ್ಲಿನ ಮುಂದೆ ಅವರವ್ವ, ಅವರವ್ವನ ಅವ್ವ ಹಾಡಿದ ಮಟ್ಟು. ಬೀಸುಕಲ್ಲು ಹೊಳೆಯ ಪಾಲಾಗಿತ್ತು, ಮಟ್ಟು ಉಳಿದಿತ್ತು. ನಮ್ಮ ಪಂಡಿತರ ಪುಸ್ತಕ ತೆಗೆದು ನೋಡಿದರೆ ತ್ರಿಪದಿಯ ಆರನೇ ಗಣ, ಹತ್ತನೇ ಗಣ ಎರಡೂ ಬ್ರಹ್ಮಗಣ, ಅಂದರೆ ಗಿಡ್ಡ ಗಣ. ಉಳಿದೆಡೆ ಅಗಲವಾಗಿ ಹರಿಯುವ ಮಟ್ಟು ಆ ಎರಡು ಜಾಗದಲ್ಲಿ ಇಕ್ಕಟ್ಟಾಗುತ್ತದೆ, ಉಸಿರು ಅಲ್ಲಿ ಹಿಡಿದಂತಾಗುತ್ತದೆ. ಈಗ ಎಣಿಸಿ ನೋಡಿ. ಆರನೇ ಗಣದಲ್ಲಿ ನಿಂತಿರುವುದು ‘ಎಮ್ಮಿ’. ಹತ್ತನೆಯದರಲ್ಲಿ ‘ದಿನದ’. ಇಕ್ಕಟ್ಟಿನ ಜಾಗದಲ್ಲಿ ಕಟ್ಟಿಹಾಕಿದ ಎಮ್ಮೆ, ನಾಲ್ಕೇ ದಿನದ ಆಯುಷ್ಯ. ಆಕೆ ಬ್ರಹ್ಮಗಣದ ಹೆಸರು ಕೇಳಿದವಳಲ್ಲ. ಕೇಳಿದ್ದರೆ ಇಷ್ಟು ಚೆನ್ನಾಗಿ ಕೂರಿಸುತ್ತಿದ್ದಳೋ ಇಲ್ಲವೋ.

ಪ್ರಾಸವನ್ನೂ ನೋಡಿ. ಹಿಟ್ಟ, ಕಟ್ಟಿದ್ದ, ಹುಟ್ಟಿ. ಒತ್ತಕ್ಷರದ ಟಕಾರ, ಮೂರೂ ಸಾಲಿನ ಹೊಸ್ತಿಲಲ್ಲಿ ಬಾಗಿಲು ಬಡಿದಂತೆ. ಹಿಟ್ಟಿನಿಂದ ಕಟ್ಟಿದ ಎಮ್ಮೆಗೆ, ಅಲ್ಲಿಂದ ಹುಟ್ಟಿದ ಕರುವಿಗೆ. ಆಕೆಯ ಕಣ್ಣಿಗೆ ಕಂಡದ್ದೂ ಅದೇ ಕ್ರಮದಲ್ಲಿ: ಒಲೆ, ಗೋದಲಿ, ಗೋದಲಿಯ ಮೂಲೆ. ನನ್ನ ಪ್ರಾಸ ಇಲ್ಲದ್ದನ್ನು ಒಳಗೆ ಕರೆತಂದಿತು, ಆಕೆಯದು ಮನೆಯೊಳಗೆ ಒಂದೊಂದೇ ಹೆಜ್ಜೆ ನಡೆಸಿತು. ಹಾಡುವಾಗ ಎರಡನೇ ಸಾಲನ್ನು ತಿರುಗಿ ಹಿಡಿಯುವ ರೂಢಿ ಉಂಟಲ್ಲ, ಹಾಗಾಗಿ ‘ಹಗ್ಗ ಹರಿಲಿಲ್ಲವ್ವ’ ಎಂಬುದು ಎರಡು ಸಲ ಬಂತು. ಎರಡನೇ ಸಲ ಬಂದಾಗ ಪಕ್ಕದವಳು ಮೊರ ನಿಲ್ಲಿಸಿದಳು. ಅಳುವವರು ಯಾರೂ ಇರಲಿಲ್ಲ. ಆಕೆ ಮೂರನೇ ಸಾಲು ಮುಗಿಸಿ, ಒಂದು ಕಲ್ಲು ಆರಿಸಿ ಒಗೆದು, ಮುಂದಿನ ಬೊಗಸೆ ಅಕ್ಕಿ ಹಾಕಿಕೊಂಡಳು.

ಈ ಪದ ಯಾವಾಗ ಕಟ್ಟಿದಿ ಎಂದು ಆಮೇಲೆ ಕೇಳಿದೆ. “ಪದಾ ಏನಲ್ರಿ, ಸುಮ್ನ ಬಾಯಿಗಿ ಬಂತು” ಎಂದಳು. ಮುರಿದ ಸಾಲುಗಳಲ್ಲಿ ಆಕೆಗೆ ಅದು ಬರುತ್ತಿರಲಿಲ್ಲ. ಬಿಡಿಮಾತಿನಲ್ಲಿ ಆ ಸಂಗತಿ ಹೇಳಲು ತಹಶೀಲ್ದಾರರ ಮುಂದೆ ನಿಂತಾಗ ಆಕೆ ಮಾತು ಮುಗಿಸಲಾರದೆ ಸೆರಗು ಬಾಯಿಗಿಟ್ಟುಕೊಂಡದ್ದನ್ನು ನಾನೇ ನೋಡಿದ್ದೇನೆ. ಅರ್ಜಿಯಲ್ಲಿ ‘ಜಾನುವಾರು ಹಾನಿ: ಒಂದು’ ಎಂದು ಬರೆದವನೂ ನಾನೇ. ಕರುವನ್ನು ಲೆಕ್ಕಕ್ಕೆ ಸೇರಿಸಲು ಕಾಲಂ ಇರಲಿಲ್ಲ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ, ಬಾದಾಮಿಯವನಾಗಿ ಹೇಳದಿರಲು ಆಗುವುದಿಲ್ಲ. ನಮ್ಮ ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 1,300 ವರ್ಷ ಹಳೆಯದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ. ಸಾಧು, ಬಾಧಿಪ್ಪ, ಮಾಧವ ಎಂದು ಅಲ್ಲಿಯೂ ಎರಡನೇ ಅಕ್ಷರದ ಪ್ರಾಸವೇ. ವರ್ಷಾವರ್ಷ ಮಕ್ಕಳನ್ನು ಕರೆದೊಯ್ದು ತೋರಿಸಿದ್ದೇನೆ. ಕಲ್ಲಲ್ಲಿ ಕೊರೆದದ್ದಾದ್ದರಿಂದ ಉಳಿಯಿತು ಎಂದು ಹೇಳುತ್ತಿದ್ದೆ. ಆ ಶಾಲೆಯ ವರಾಂಡದಲ್ಲಿ ನಿಂತ ಮೇಲೆ ಹಾಗೆ ಹೇಳುವುದು ಬಿಟ್ಟೆ.

ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟರಲ್ಲ, ಇನ್ನೂ ಯಾಕೆ ಈ ಹಳೇ ಕತೆ ಎಂದು ಲೇಖಕರು ಕೇಳಿದ್ದಾರೆ. ಅವರು ಬಿಟ್ಟದ್ದು ಎರಡನೇ ಅಕ್ಷರದ ಕಡ್ಡಾಯವನ್ನು, ಲಯವನ್ನಲ್ಲ. ಸಾಲದ ಕಾಗದ ಹರಿದುಹಾಕಿದವನು ಹೊಲ ಮಾರಿದ ಎಂದು ಹೇಳಲಾಗುತ್ತದೆಯೇ?

ಛಂದಸ್ಸು ಬಿಟ್ಟವರು ಏನು ಬರೆದರು ಎಂಬುದಕ್ಕೂ ನಾನು ಸಾಕ್ಷಿ. ಆ ವರ್ಷದ ನವೆಂಬರಿನಲ್ಲಿ ಒಂದು ಕವಿಗೋಷ್ಠಿ ನಡೆಯಿತು, ಅಧ್ಯಕ್ಷತೆಗೆ ನನ್ನನ್ನು ಕೂರಿಸಿದ್ದರು. ಇಪ್ಪತ್ತಮೂರು ಕವಿಗಳು, ಹಾರ–ಶಾಲು ಸೇರಿ ನಾಲ್ಕೂವರೆ ತಾಸು. ಆಮಂತ್ರಣ ಪತ್ರಿಕೆಯ ಅಂಚಿನಲ್ಲಿ ಗೀಟು ಹಾಕುತ್ತ ಕೂತೆ. ಮಳೆ–ಹೊಳೆ–ಇಳೆ ಹನ್ನೊಂದು ಜನರಲ್ಲಿ. ಉಳಿದ ಹನ್ನೆರಡು ಜನರದು ಪ್ರಾಸವಿಲ್ಲದ ಗದ್ಯಪದ್ಯ, ಆದರೆ ‘ಮುನಿದ ಪ್ರಕೃತಿ’ ಒಂಬತ್ತು ಸಲ, ‘ರುದ್ರನರ್ತನ’ ಏಳು, ‘ಕಣ್ಣೀರ ಕೋಡಿ’ ಎಣಿಸುವುದು ಬಿಟ್ಟೆ. ಪುಕ್ಕಟೆ ಸಿಗುವ ಮಾತು ಪ್ರಾಸದ ರೂಪದಲ್ಲೇ ಬರಬೇಕೆಂದಿಲ್ಲ. ಗೇಟು ತೆಗೆದದ್ದನ್ನು ಇಪ್ಪತ್ತಮೂರರಲ್ಲಿ ಒಬ್ಬರೂ ಹೇಳಲಿಲ್ಲ. ಪ್ರಕೃತಿ ಮುನಿದರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ, ಅದೊಂದು ಅನುಕೂಲ.

ಹತ್ತನೇ ತರಗತಿಗೆ ನಾನು ಪಾಠ ಮಾಡಿದ ಹಲಗಲಿ ಬೇಡರ ಲಾವಣಿ ಲೇಖಕರಿಗೂ ಗೊತ್ತಿರುತ್ತದೆ. ಹಲಗಲಿ ನಮಗೆ ದೂರವಲ್ಲ, ಮುಧೋಳದ ಸೀಮೆ. 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ತಿರುಗಿಬಿದ್ದ ಊರನ್ನು ಬ್ರಿಟಿಷರು ಸುಟ್ಟರು. ಆ ಪದ ಕಟ್ಟಿದ ಲಾವಣಿಕಾರ ಕುರ್ತಕೋಟಿ ಕಲ್ಮೇಶನ ಹೆಸರು ಹೇಳಿ ಮುಗಿಸುತ್ತಾನೆ, ಅಷ್ಟರಿಂದಲೇ ಅವನ ಗುರುತು. ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ನಮಗೆ ದಕ್ಕಿತು. ಅದರಲ್ಲಿ ಊರು ಸುಲಿಗೆಯಾದ ಭಾಗ ಬಂದಾಗ ಪ್ರತಿ ವರ್ಷ ತರಗತಿ ತಾನಾಗಿ ಸುಮ್ಮನಾಗುತ್ತಿತ್ತು. ವೀರರ ವರ್ಣನೆಗೆ ಗದ್ದಲ ಮಾಡುತ್ತಿದ್ದ ಹುಡುಗರು ಅಲ್ಲಿ ಮಾತಾಡುತ್ತಿರಲಿಲ್ಲ. ಯಾಕೆಂದರೆ ಅದು ಬರೀ ಪಟ್ಟಿ: ಉಪ್ಪು, ಎಣ್ಣಿ, ಅರಿಶಿಣ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲ. ಬೆಲ್ಲದ ಪ್ರಾಸಕ್ಕೆ ಮುಂದಿನ ಸಾಲಿನ ಕೊನೆಗೆ ಬೀಸುಕಲ್ಲು. ಬೀಸುಕಲ್ಲನ್ನೂ ಬಿಡಲಿಲ್ಲವೇ ಎಂಬ ಗಾಬರಿ ಆ ಪ್ರಾಸ ಬಿದ್ದ ಜಾಗದಲ್ಲೇ ಆಗುವುದು. ಕಲ್ಲು ಹೊತ್ತು ಒಯ್ಯುವ ಸೈನಿಕ ಕಣ್ಣಿಗೆ ಕಾಣುತ್ತಾನೆ.

ನೆರೆ ಬಂದ ಆ ವರ್ಷ ಮೊಹರಂ ಕಡೇ ದಿನ ಸೆಪ್ಟೆಂಬರ್ 10ಕ್ಕೆ ಬಿತ್ತು. ಗೋಡೆಗಳ ಮೇಲೆ ಕೆಸರಿನ ಗೆರೆ ಎದೆಮಟ್ಟಕ್ಕೆ ಹಾಗೇ ಇತ್ತು. ಹಬ್ಬ ಬೇಡ ಎಂದರು ಕೆಲವರು, ಆದರೆ ಮೊಹರಮ್ಮಿನ ಬೆಂಕಿ ಹಾಕುವ ಅಲಾಯಿ ಕುಣಿ ತೆಗೆದೇ ತೆಗೆದರು. ನಮ್ಮಲ್ಲಿ ಲಿಂಗಾಯತರು, ಕುರುಬರು, ಮುಸಲ್ಮಾನರು ಎಲ್ಲ ಸೇರಿ ಹೆಜ್ಜೆ ಹಾಕುತ್ತ ರಿವಾಯತ್ ಪದ, ಅಂದರೆ ಮೊಹರಮ್ಮಿನ ಶೋಕದ ಹಾಡು, ಹೇಳುತ್ತಾರೆ. ಕರ್ಬಲಾ ಕಾಳಗದಲ್ಲಿ ಹೊಳೆ ಎದುರಿಗೇ ಹರಿಯುತ್ತಿದ್ದರೂ ಒಂದು ಗುಟುಕು ನೀರು ಸಿಗದೆ ಮಕ್ಕಳು ಒಣಗಿದ ಕತೆ. ನೀರು ನುಗ್ಗಿ ಮನೆ ಕಳಕೊಂಡ ಜನ, ನೀರು ಸಿಗದೆ ಸತ್ತವರ ಪದವನ್ನು ಪ್ರಾಸದ ಮೇಲೆ ಪ್ರಾಸ ಹಾಕಿ, ಗೆಜ್ಜೆ ಕಟ್ಟಿ, ರಾತ್ರಿಯಿಡೀ ಹಾಡಿದರು. ಇದು ಅಸಹ್ಯವೆಂದು ನನಗೆ ಅನ್ನಿಸಲಿಲ್ಲ. ಲೇಖಕರು ಒಮ್ಮೆ ನಮ್ಮ ಕಡೆ ಬಂದು ಕೇಳಿದರೆ ಅವರಿಗೂ ಅನ್ನಿಸಲಾರದು.

ಕೊನೆಯದಾಗಿ ಒಂದು ಕೋರಿಕೆ. ಆಕೆಯ ಆ ಮೂರು ಸಾಲನ್ನು ಹಿಂದೊಮ್ಮೆ ಒಂದು ಸಂಚಿಕೆಗೆ ಕಳಿಸಿದ್ದೆ. ಅಚ್ಚಾಗಿ ಬಂದಾಗ ಯಾರೋ ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದರು. ‘ಎಮ್ಮಿ’ ಹೋಗಿ ‘ಎಮ್ಮೆಯ’ ಆಗಿತ್ತು, ‘ಹರಿಲಿಲ್ಲವ್ವ’ ಹೋಗಿ ‘ಹರಿಯಲಿಲ್ಲವ್ವ’ ಆಗಿತ್ತು. ವ್ಯಾಕರಣ ಸರಿ. ಆದರೆ ಗಿಡ್ಡ ಗಣ ಉದ್ದವಾಗಿ, ಮುಂದೆ ಇನ್ನೊಂದು ಮಾತ್ರೆ ಹೆಚ್ಚಾಗಿ, ಮೊರದ ಸಪ್ಪಳಕ್ಕೆ ಅದು ಕೂರದಂತಾಯಿತು. ಓದಿ ತೋರಿಸಿದಾಗ ಆಕೆ, ಇದು ನಂದಲ್ಲ ಎಂದಳು.

ನನ್ನ ಪತ್ರ ಉದ್ದವಾಗಿದೆ, ಬೇಕಾದಲ್ಲಿ ಕತ್ತರಿಸಿ. ಟೇ ನದಿಯ ಭಾಗ ಪೂರ್ತಿ ತೆಗೆದರೂ ನಡೆದೀತು, ನನ್ನ ಷಟ್ಪದಿಯನ್ನಂತೂ ಧಾರಾಳವಾಗಿ ತೆಗೆಯಬಹುದು. ಆದರೆ ಆ ಮೂರು ಸಾಲು ಹಾಕುವುದಾದರೆ ನಾನು ಬರೆದು ಕಳಿಸಿದ ಅಕ್ಷರದಂತೆಯೇ ಹಾಕಿ. ‘ನಾಕ್’ ಎಂಬಲ್ಲಿ ಕಕಾರಕ್ಕೆ ಅರ್ಧಾಕ್ಷರವೇ ಇರಬೇಕು, ‘ನಾಲ್ಕು’ ಮಾಡಬೇಡಿ. ಪ್ರೂಫ್ ನೋಡುವವರಿಗೆ ದಯವಿಟ್ಟು ಒಂದು ಮಾತು ಹೇಳಿಡಿ.

ನಿಮ್ಮ ಓದುಗ,
ಒಬ್ಬ ನಿವೃತ್ತ ಕನ್ನಡ ಮಾಸ್ತರ
ಬಾದಾಮಿ ತಾಲೂಕು